ಫಲಕದ ಮೇಲೊಂದು ಹೆಸರು: ಅಮೆರಿಕದ ವಿಶ್ವವಿದ್ಯಾಲಯಗಳ ಕ್ರೀಡಾ ಹಾಲ್ ಆಫ್ ಫೇಮ್ ಎಂದರೇನು?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಅಲ್ಲಿನ ಕಾಲೇಜು ತಂಡಗಳಲ್ಲಿ ಆಡುವುದು ಈಗ ಅಪರೂಪದ ಸಂಗತಿಯೇನಲ್ಲ. ಟೆನಿಸ್, ಈಜು, ಅಥ್ಲೆಟಿಕ್ಸ್‌ನಲ್ಲಿ ಚುರುಕಾಗಿರುವ ಹುಡುಗ ಹುಡುಗಿಯರು ಸ್ಕಾಲರ್‌ಶಿಪ್ ಹುಡುಕಿಕೊಂಡು ಇಲ್ಲಿಂದಲೂ ಹೋಗುತ್ತಿದ್ದಾರೆ. ಅದರ ಬೆನ್ನಿಗೇ ‘ಇಂಥವರು ತಮ್ಮ ವಿಶ್ವವಿದ್ಯಾಲಯದ ಹಾಲ್ ಆಫ್ ಫೇಮ್‌ಗೆ ಸೇರಿದರು’ ಎಂಬ ಸುದ್ದಿಯೂ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತದೆ. ಓದಿದವರಿಗೆ ಹೆಮ್ಮೆಯಾಗುತ್ತದೆ, ಜೊತೆಗೆ ಸಣ್ಣ ಗೊಂದಲವೂ ಆಗುತ್ತದೆ. ಇದು ಪ್ರಶಸ್ತಿಯೋ, ಪದವಿಯೋ, ಸನ್ಮಾನವೋ? ಕೊಡುವವರು ಯಾರು? ಆಟ ನಿಲ್ಲಿಸಿ ಹತ್ತು ವರ್ಷವಾದ ಮೇಲೆ ಕರೆದು ಗೌರವಿಸುವುದೇಕೆ? ಒಂದೊಂದಾಗಿ ನೋಡೋಣ.

ಊರಿನ ಲೆಕ್ಕದ ಗೌರವ

ಒಂದು ವಿಶ್ವವಿದ್ಯಾಲಯದ ಹೆಸರಿನಲ್ಲಿ ಆಡಿದವರು, ಆಡಿಸಿದವರು, ಅಲ್ಲಿನ ಕ್ರೀಡೆಯನ್ನು ಕಟ್ಟಿ ಬೆಳೆಸಿದವರು ಸಾವಿರಾರು ಮಂದಿ ಇರುತ್ತಾರೆ. ಅವರಲ್ಲಿ ಕೆಲವರನ್ನು ಆಯ್ದು ಹೆಸರನ್ನು ಕಾಯಂ ಆಗಿ ದಾಖಲಿಸಿಡುವ ವ್ಯವಸ್ಥೆಯೇ ಕ್ರೀಡಾ ಹಾಲ್ ಆಫ್ ಫೇಮ್. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ವಸ್ತುಸಂಗ್ರಹಾಲಯದಂಥ ಸಭಾಂಗಣವೇ ಇರುತ್ತದೆ. ಹಲವೆಡೆ ಅದು ಕ್ರೀಡಾಂಗಣದ ಮೊಗಸಾಲೆಯ ಒಂದು ಗೋಡೆ. ಸಾಲಾಗಿ ಕೂರಿಸಿದ ಫಲಕಗಳು, ಪ್ರತಿಯೊಂದರಲ್ಲೂ ಒಂದು ಮುಖ, ಹೆಸರು, ಆಟ, ಆಡಿದ ವರ್ಷಗಳು, ಮೂರು ನಾಲ್ಕು ಸಾಲು ಸಾಧನೆ. ಸಣ್ಣ ಕಾಲೇಜುಗಳಲ್ಲಿ ಜಿಮ್ನೇಷಿಯಂ ಬಾಗಿಲ ಪಕ್ಕದ ಗಾಜಿನ ಕಪಾಟಿನಲ್ಲೇ ಎಲ್ಲವೂ ಮುಗಿಯುವುದುಂಟು.

ನಮ್ಮ ಊರುಗಳ ವೀರಗಲ್ಲುಗಳನ್ನು ನೆನೆದರೆ ಇದರ ಸ್ವಭಾವ ಬೇಗ ಹಿಡಿಯುತ್ತದೆ. ತುರು ಕಾದು ಮಡಿದವನಿಗೆ ಕಲ್ಲು ನಿಲ್ಲಿಸುತ್ತಿದ್ದವರು ಬಹುಮಟ್ಟಿಗೆ ಅವನ ಬಂಧುಗಳು, ಊರಿನವರು. ಯಾವ ಊರಿಗಾಗಿ ಏನು ಮಾಡಿದ ಎನ್ನುವುದೇ ಆ ಕಲ್ಲಿನ ಮಾತು. ಪಕ್ಕದ ಸೀಮೆಯವರಿಗೆ ಅವನ ಹೆಸರು ಗೊತ್ತಿರಲೇಬೇಕೆಂದಿಲ್ಲ. ವಿಶ್ವವಿದ್ಯಾಲಯದ ಫಲಕವೂ ಹೀಗೆಯೇ ಊರಿನ ಲೆಕ್ಕದ್ದು. ಜಗತ್ತಿನ ಲೆಕ್ಕದಲ್ಲಿ ಆತ ಎಷ್ಟು ದೊಡ್ಡವನು ಎಂಬ ಪ್ರಶ್ನೆ ಅಲ್ಲಿ ಎರಡನೆಯದು. ನಮ್ಮ ಜರ್ಸಿ ತೊಟ್ಟಾಗ ಏನು ಮಾಡಿದ ಎಂಬುದು ಮೊದಲನೆಯದು. ಇದನ್ನು ನೆನಪಿಟ್ಟುಕೊಂಡರೆ ಮುಂದಿನದ್ದೆಲ್ಲ ಸುಲಭ.

ಈ ಗೌರವದೊಂದಿಗೆ ಸಾಮಾನ್ಯವಾಗಿ ನಗದು ಬಹುಮಾನ ಇರುವುದಿಲ್ಲ. ಇದು ಪದವಿಯಲ್ಲ, ಗೌರವ ಡಾಕ್ಟರೇಟ್ ಕೂಡ ಅಲ್ಲ. ಸರ್ಕಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದು ಸಮಾರಂಭ, ಒಂದು ಊಟ, ಒಂದು ಫಲಕ. ಬಹಳ ಕಡೆ ಶರತ್ಕಾಲದ ಫುಟ್‌ಬಾಲ್ (ಇಲ್ಲೆಲ್ಲ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್, ನಮ್ಮ ಕಾಲ್ಚೆಂಡಲ್ಲ) ಪಂದ್ಯದ ವಿರಾಮದಲ್ಲಿ ಮೈದಾನದ ನಡುವೆ ನಿಲ್ಲಿಸಿ ಚಪ್ಪಾಳೆ.

ಇದೇ ಹೆಸರಿನ ಬೇರೆ ಸಂಸ್ಥೆಗಳೊಂದಿಗೆ ಇದನ್ನು ಬೆರೆಸಿಕೊಳ್ಳುವುದೂ ಉಂಟು. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವುದು ಬೇಸ್‌ಬಾಲ್‌ನ ರಾಷ್ಟ್ರೀಯ ಹಾಲ್ ಆಫ್ ಫೇಮ್. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವುದು ಬ್ಯಾಸ್ಕೆಟ್‌ಬಾಲ್‌ನದು. ಅಟ್ಲಾಂಟಾದಲ್ಲಿರುವುದು ದೇಶದ ಎಲ್ಲ ಕಾಲೇಜುಗಳ ಫುಟ್‌ಬಾಲ್ ಆಟಗಾರರಿಗೆ ಸೇರಿದ್ದು. ಇವೆಲ್ಲ ಒಂದೊಂದು ಆಟಕ್ಕೆ ಮೀಸಲು. ವಿಶ್ವವಿದ್ಯಾಲಯದ್ದರಲ್ಲಿ ಆ ಒಂದು ಸಂಸ್ಥೆಯ ಎಲ್ಲ ಆಟಗಳೂ ಒಂದೇ ಗೋಡೆಯ ಮೇಲೆ: ಫುಟ್‌ಬಾಲ್ ದೈತ್ಯನ ಪಕ್ಕದಲ್ಲಿ ಕತ್ತಿವರಸೆಯ ಆಟಗಾರ್ತಿ, ಅವರ ಕೆಳಗೆ ದೋಣಿ ಹುಟ್ಟು ಹಾಕಿದವನು. ಈ ನೆರೆಹೊರೆ ನನಗಂತೂ ಬಹಳ ಇಷ್ಟ.

ಕಾಲೇಜು ಆಟಕ್ಕೆ ಅಲ್ಲಿ ಅಷ್ಟು ತೂಕವೇಕೆ?

ನಮ್ಮಲ್ಲಿ ಅಂತರ ಕಾಲೇಜು ಪಂದ್ಯಾವಳಿಯೆಂದರೆ ಆಟಗಾರರು, ಅವರ ಗೆಳೆಯರು, ದೈಹಿಕ ಶಿಕ್ಷಣ ನಿರ್ದೇಶಕರು; ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ಅಮೆರಿಕದಲ್ಲಿ ಚಿತ್ರವೇ ಬೇರೆ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಅದು ವೃತ್ತಿಪರ ತಂಡದ್ದಲ್ಲ, ವಿಶ್ವವಿದ್ಯಾಲಯದ್ದೇ.

ಅಲ್ಲಿ ಅಂತರ ಕಾಲೇಜು ಸ್ಪರ್ಧೆ ಶುರುವಾದದ್ದು 1852ರಲ್ಲಿ, ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳ ದೋಣಿ ಪಂದ್ಯದಿಂದ. 1869ರಲ್ಲಿ ರಟ್‌ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ನಡೆಯಿತು. ಆ ಆಟ ಎಷ್ಟು ಒರಟಾಗಿತ್ತೆಂದರೆ, ಮೈದಾನದಲ್ಲಿ ಸಾವುಗಳು ಹೆಚ್ಚಿ, 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಕಾಲೇಜುಗಳವರನ್ನು ಕರೆಸಿ ಮಾತನಾಡಬೇಕಾಯಿತು. ಅದರ ಬೆನ್ನಲ್ಲೇ 1906ರಲ್ಲಿ ಹುಟ್ಟಿದ ಸಂಘಟನೆಯೇ ಇಂದು ಎನ್‌ಸಿಎಎ ಎಂದು ಹೆಸರಾಗಿರುವ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆ. ಈಗ ಸುಮಾರು 1,100 ಕಾಲೇಜು, ವಿಶ್ವವಿದ್ಯಾಲಯಗಳು ಅದರ ಸದಸ್ಯರು. ಐದು ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳು ಅದರ ಅಡಿಯಲ್ಲಿ ಆಡುತ್ತಾರೆ.

ಇಷ್ಟು ಮಂದಿಯಲ್ಲಿ ವೃತ್ತಿಪರ ಆಟಕ್ಕೆ ಹೋಗುವವರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆ. ಉಳಿದವರ ಕ್ರೀಡಾ ಬದುಕು ಪದವಿಯ ಜೊತೆಗೇ ಮುಗಿಯುತ್ತದೆ. ಆಮೇಲೆ ಅವರು ವೈದ್ಯರೋ ಶಿಕ್ಷಕರೋ ಬ್ಯಾಂಕಿನವರೋ ಆಗುತ್ತಾರೆ. ಅವರ ಪಾಲಿಗೆ ವಿಶ್ವವಿದ್ಯಾಲಯದ ಫಲಕವೇ ಕ್ರೀಡಾ ಜೀವನದ ಅತ್ಯುನ್ನತ ಮನ್ನಣೆ. ಇದನ್ನು ಅರಿಯದೆ ಹೋದರೆ, ನಲವತ್ತು ದಾಟಿದ ದಂತವೈದ್ಯೆಯೊಬ್ಬರು ವೇದಿಕೆಯ ಮೇಲೆ ಕಣ್ಣೊರೆಸಿಕೊಳ್ಳುವುದೇಕೆಂದು ಅರ್ಥವಾಗುವುದಿಲ್ಲ.

ಇನ್ನೊಂದು ಮೆಟ್ಟಿಲು ಇದೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಿಂದ ಬಂದ ‘ಯೂನಿವರ್ಸಿಟಿ ಬ್ಲೂ’ ಗೌರವ ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳ ಹಳೆಯ ಆಟಗಾರರಿಗೆ ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ಅದರ ಸ್ಥಾನದಲ್ಲಿರುವುದು ‘ಲೆಟರ್’: ವಿಶ್ವವಿದ್ಯಾಲಯದ ಹೆಸರಿನ ಮೊದಲ ಅಕ್ಷರವನ್ನು ಉಣ್ಣೆಯ ಬಟ್ಟೆಯಲ್ಲಿ ಮಾಡಿ ಕೊಡುತ್ತಾರೆ, ಅದನ್ನು ಜಾಕೆಟ್ಟಿನ ಎದೆಗೆ ಹೊಲಿಸಿಕೊಳ್ಳುತ್ತಾರೆ. ಮುಖ್ಯ ತಂಡದಲ್ಲಿ ಒಂದು ಋತುವಿನುದ್ದಕ್ಕೂ ಸಾಕಷ್ಟು ಆಡಿದವರಿಗೆ ಅದು ಸಿಗುತ್ತದೆ. ಲೆಟರ್ ಪಡೆದವರು ಸಾವಿರಾರು; ಹಾಲ್ ಆಫ್ ಫೇಮ್ ಆ ಸಾವಿರಾರರೊಳಗಿನ ಆಯ್ಕೆ. ಲೆಟರ್ ಪಡೆದ ಹಳೆಯ ಆಟಗಾರರ ಸಂಘಗಳೇ ಹಲವೆಡೆ ಈ ಆಯ್ಕೆಯನ್ನು ನಡೆಸುತ್ತವೆ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ‘ವಾರ್ಸಿಟಿ ಓ’ ಅಂಥ ಸಂಘಗಳಲ್ಲೊಂದು.

ಪರಿಕಲ್ಪನೆ ಎಲ್ಲಿಂದ ಬಂತು?

ಅಮೆರಿಕದ ಮೊತ್ತಮೊದಲ ಹಾಲ್ ಆಫ್ ಫೇಮ್ ವಿಶ್ವವಿದ್ಯಾಲಯದ ಆವರಣದಲ್ಲೇ ಹುಟ್ಟಿತು, ಆದರೆ ಕ್ರೀಡೆಗಾಗಿ ಅಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಬ್ರಾಂಕ್ಸ್ ಆವರಣದಲ್ಲಿ 1901ರಲ್ಲಿ ತೆರೆದ ಕಂಬಸಾಲಿನ ಆ ಮಂಟಪದಲ್ಲಿ ಜಾರ್ಜ್ ವಾಷಿಂಗ್ಟನ್‌ರಂಥ ‘ಮಹಾನ್ ಅಮೆರಿಕನ್ನರಿಗೆ’ ಜಾಗವಿತ್ತು. ಗಣ್ಯರ ಸಮಿತಿಯೊಂದು ಮತ ಹಾಕಿ ಹೆಸರು ಆರಿಸುತ್ತಿತ್ತು. ಆ ಮತದಾನದ ಪದ್ಧತಿ ಮುಂದೆ ಕ್ರೀಡೆಗೂ ದಾಟಿತು. 1936ರಲ್ಲಿ ಬೇಸ್‌ಬಾಲ್ ತನ್ನ ಮೊದಲ ಐವರನ್ನು ಆರಿಸಿತು. 1939ರಲ್ಲಿ ಕೂಪರ್ಸ್‌ಟೌನ್‌ನ ಬಾಗಿಲು ತೆರೆಯಿತು. ಇನ್ನು ಬ್ರಾಂಕ್ಸ್‌ನ ಮೂಲ ಮಂಟಪದ ಕತೆ: ಹಣದ ಮುಗ್ಗಟ್ಟಿನಿಂದ ವಿಶ್ವವಿದ್ಯಾಲಯ 1973ರಲ್ಲಿ ಆ ಆವರಣವನ್ನೇ ಮಾರಿತು. ಕೀರ್ತಿಯ ಮಂಟಪವನ್ನು ಈಗ ಹುಡುಕಿಕೊಂಡು ಹೋಗುವವರು ಕಡಿಮೆ.

ವಿಶ್ವವಿದ್ಯಾಲಯಗಳು ಈ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದುಕೊಂಡದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಟೆಕ್ಸಸ್ ವಿಶ್ವವಿದ್ಯಾಲಯದ್ದು 1957ರಲ್ಲಿ ಶುರುವಾಯಿತು, ಓಹಾಯೊ ಸ್ಟೇಟ್‌ನದು 1977ರಲ್ಲಿ, ಮಿಷಿಗನ್‌ನದು 1978ರಲ್ಲಿ, ಯುಸಿಎಲ್‌ಎ ಎಂದು ಕರೆಯುವ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು 1984ರಲ್ಲಿ. ಗೌರವದ ಜೊತೆ ಒಂದು ವ್ಯಾವಹಾರಿಕ ಲೆಕ್ಕವೂ ಇದರಲ್ಲಿದೆಯೆಂದು ಹೇಳದಿದ್ದರೆ ಅರ್ಧ ಹೇಳಿದಂತೆ. ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ಅಲ್ಲಿನ ಕ್ರೀಡಾ ವಿಭಾಗಗಳು ಬಹಳಷ್ಟು ನಡೆಸಿಕೊಳ್ಳುತ್ತವೆ, ಮತ್ತು ವರ್ಷಕ್ಕೊಮ್ಮೆ ಹಳಬರನ್ನು ಒಂದೆಡೆ ಸೇರಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

ಆಯ್ಕೆ ನಡೆಯುವುದು ಹೇಗೆ?

ಎಲ್ಲರಿಗೂ ಅನ್ವಯಿಸುವ ಒಂದೇ ಕಾನೂನು ಇಲ್ಲ. ಪ್ರತಿ ವಿಶ್ವವಿದ್ಯಾಲಯವೂ ತನ್ನದೇ ನಿಯಮಾವಳಿ ಬರೆದುಕೊಂಡಿರುತ್ತದೆ. ಆದರೂ ಜಾಡು ಹೆಚ್ಚುಕಡಿಮೆ ಒಂದೇ.

ಮೊದಲು ನಾಮನಿರ್ದೇಶನ. ಹಳೆಯ ಸಹ ಆಟಗಾರ, ತರಬೇತುದಾರ, ಅಭಿಮಾನಿ ಯಾರಾದರೂ ಹೆಸರು ಸೂಚಿಸಬಹುದು ಎನ್ನುವ ಸಂಸ್ಥೆಗಳು ಬಹಳ. ಬಂದ ಅರ್ಜಿಗಳನ್ನು ಸಮಿತಿಯೊಂದು ಜರಡಿ ಹಿಡಿಯುತ್ತದೆ. ಸಮಿತಿಯಲ್ಲಿ ಕ್ರೀಡಾ ವಿಭಾಗದ ಅಧಿಕಾರಿಗಳು, ಹಿಂದೆ ಹಾಲ್ ಆಫ್ ಫೇಮ್‌ಗೆ ಸೇರಿದವರು, ಹಳೆಯ ವಿದ್ಯಾರ್ಥಿ ಸಂಘದವರು, ಕೆಲವೆಡೆ ಸ್ಥಳೀಯ ಕ್ರೀಡಾ ವರದಿಗಾರರೂ ಇರುತ್ತಾರೆ. ಕೊನೆಗೆ ಮತ. ಒಂದು ವರ್ಷಕ್ಕೆ ಇಷ್ಟೇ ಮಂದಿ ಎಂಬ ಮಿತಿ ಸಾಮಾನ್ಯ. ಆ ವರ್ಷ ಆಯ್ಕೆಯಾದವರನ್ನು ಒಂದು ಬ್ಯಾಚ್ ಎಂದು ಕರೆಯುತ್ತಾರೆ, ‘ಇಂಥ ವರ್ಷದ ಬ್ಯಾಚ್’ ಎಂದೇ ಅದು ದಾಖಲಾಗುತ್ತದೆ.

ಈ ಜಾಡಿನಲ್ಲಿ ನನಗೆ ಅತ್ಯಂತ ವಿವೇಕದ್ದೆಂದು ಕಾಣುವುದು ಕಾಯಿಸುವ ನಿಯಮ. ಕಾಲೇಜಿನಲ್ಲಿ ಆಡಿ ಮುಗಿಸಿದ ಮೇಲೆ ಐದೋ ಹತ್ತೋ ವರ್ಷ ಕಳೆಯದೆ ಆಟಗಾರನ ಹೆಸರು ಪರಿಗಣನೆಗೇ ಬರುವುದಿಲ್ಲ. ಗೆಲುವಿನ ಅಬ್ಬರ ಇಳಿಯಬೇಕು. ದಾಖಲೆ ನಿಲ್ಲುತ್ತದೆಯೋ ಮುರಿಯುತ್ತದೆಯೋ ಕಾಣಬೇಕು. ಮನುಷ್ಯನಾಗಿ ಆತ ಹೇಗೆ ಬಾಳಿದ ಎಂಬುದೂ ಅಷ್ಟಿಷ್ಟು ತಿಳಿಯಬೇಕು. ಕೆಲವು ಸಂಸ್ಥೆಗಳು ಪದವಿ ಪೂರೈಸಿರಬೇಕೆಂದು ಕೇಳುತ್ತವೆ, ಕೆಲವು ಕೇಳುವುದಿಲ್ಲ. ತರಬೇತುದಾರರಾದರೆ ಇಂತಿಷ್ಟು ವರ್ಷ ಅಲ್ಲೇ ದುಡಿದಿರಬೇಕು ಎಂಬ ಷರತ್ತು ಇರುತ್ತದೆ. ತೀರಿಕೊಂಡವರನ್ನೂ ಸೇರಿಸುತ್ತಾರೆ; ಆಗ ಫಲಕವನ್ನು ಮನೆಯವರು ಸ್ವೀಕರಿಸುತ್ತಾರೆ.

ಆಟಗಾರರು, ತರಬೇತುದಾರರು ಮಾತ್ರವಲ್ಲದೆ ಇನ್ನೆರಡು ಬಗೆಯ ಸೇರ್ಪಡೆಗಳಿವೆ. ಒಂದು ಇಡೀ ತಂಡವನ್ನೇ ಸೇರಿಸುವುದು. ಇನ್ನೊಂದು ‘ಕೊಡುಗೆ ನೀಡಿದವರು’ ಎಂಬ ವಿಭಾಗ: ಆಡಳಿತಗಾರರು, ಗಾಯಗಳಿಗೆ ಪಟ್ಟಿ ಕಟ್ಟಿದವರು, ವೀಕ್ಷಕ ವಿವರಣೆಕಾರರು, ದಾನಿಗಳು. ಕೊನೆಯವರ ವಿಷಯದಲ್ಲಿ ಗೊಣಗಾಟ ಕೇಳಿಬರುವುದುಂಟು, ಅದು ಸಹಜವೇ.

ಜರ್ಸಿ ಸಂಖ್ಯೆಯನ್ನು ನಿವೃತ್ತಗೊಳಿಸುವುದು ಬೇರೆಯೇ ಗೌರವ. ಅದು ಇನ್ನೂ ಅಪರೂಪದ್ದು. ಒಮ್ಮೆ ನಿವೃತ್ತವಾದ ಸಂಖ್ಯೆಯನ್ನು ಆ ತಂಡದಲ್ಲಿ ಮುಂದೆ ಯಾರೂ ತೊಡುವಂತಿಲ್ಲ. ಮಿಷಿಗನ್‌ನಲ್ಲಿ ಹಾಗೆ ನಿವೃತ್ತವಾದ ಫುಟ್‌ಬಾಲ್ ಸಂಖ್ಯೆಗಳಲ್ಲಿ 48 ಒಂದು. ಅದನ್ನು ತೊಟ್ಟು ಆಡಿದ ಜೆರಾಲ್ಡ್ ಫೋರ್ಡ್ ಮುಂದೆ ದೇಶದ ಅಧ್ಯಕ್ಷರಾದರು.

ಯುಸಿಎಲ್‌ಎ ಗೋಡೆಯ ಮುಂದೆ ನಿಂತು

ನಿಯಮಗಳನ್ನು ಕೇಳುವುದಕ್ಕಿಂತ ಒಂದು ಗೋಡೆಯನ್ನು ಹತ್ತಿರದಿಂದ ನೋಡುವುದು ಮೇಲು. ಯುಸಿಎಲ್‌ಎ ಆವರಣದ ಜೆ. ಡಿ. ಮಾರ್ಗನ್ ಕೇಂದ್ರದಲ್ಲಿರುವ ಹಾಲ್ ಆಫ್ ಫೇಮ್‌ನ ಮೊದಲ ಬ್ಯಾಚಿನಲ್ಲಿ 25 ಮಂದಿ ಇದ್ದರು. ಅವರಲ್ಲೊಬ್ಬರು ಜಾಕಿ ರಾಬಿನ್ಸನ್.

1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಸೇರಿ, ಬೇಸ್‌ಬಾಲ್‌ನ ಅತ್ಯುನ್ನತ ಲೀಗಿನ ವರ್ಣಭೇದದ ಗೋಡೆ ಒಡೆದ ಆಟಗಾರ ಎಂದು ಜಗತ್ತು ಅವರನ್ನು ಬಲ್ಲದು. ಯುಸಿಎಲ್‌ಎ ಅವರನ್ನು ನೆನೆಯುವ ಬಗೆಯೇ ಬೇರೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಅಥ್ಲೆಟಿಕ್ಸ್, ಬೇಸ್‌ಬಾಲ್ ಈ ನಾಲ್ಕರಲ್ಲೂ ಲೆಟರ್ ಗಳಿಸಿದ ಅಲ್ಲಿನ ಮೊದಲ ಕ್ರೀಡಾಪಟು ಅವರು. 1940ರಲ್ಲಿ ಉದ್ದ ಜಿಗಿತದ ರಾಷ್ಟ್ರೀಯ ಕಾಲೇಜು ಚಾಂಪಿಯನ್. ತಮಾಷೆಯೆಂದರೆ, ಆ ನಾಲ್ಕರಲ್ಲಿ ಅವರು ಅತ್ಯಂತ ಕಳಪೆಯಾಗಿ ಆಡಿದ್ದು ಬೇಸ್‌ಬಾಲ್‌ನಲ್ಲೇ. 1940ರ ಋತುವಿನಲ್ಲಿ ಅವರ ಬ್ಯಾಟಿಂಗ್ ಸರಾಸರಿ 0.097, ಅಂದರೆ ಹತ್ತು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್ ಕೂಡ ಗ್ಯಾರಂಟಿಯಿಲ್ಲ. ಪದವಿ ಮುಗಿಸದೆ 1941ರಲ್ಲಿ ಅವರು ಹೊರಟರು. ಆದರೂ ಇಂದು ಅಲ್ಲಿನ ಬೇಸ್‌ಬಾಲ್ ಮೈದಾನಕ್ಕೆ ಅವರದೇ ಹೆಸರು. 2014ರಲ್ಲಿ ವಿಶ್ವವಿದ್ಯಾಲಯವು 42ನೆಯ ಸಂಖ್ಯೆಯನ್ನು ಎಲ್ಲ ಆಟಗಳಿಂದಲೂ ನಿವೃತ್ತಗೊಳಿಸಿತು. ಅದು ಅವರು ವಿಶ್ವವಿದ್ಯಾಲಯದಲ್ಲಿ ತೊಟ್ಟ ಸಂಖ್ಯೆಯೇ ಅಲ್ಲ, ಡಾಡ್ಜರ್ಸ್‌ನಲ್ಲಿ ತೊಟ್ಟದ್ದು. ಊರಿನ ಲೆಕ್ಕಕ್ಕೆ ಜಗತ್ತಿನ ಲೆಕ್ಕ ಹೀಗೆ ಬಂದು ಸೇರಿಕೊಳ್ಳುವುದೂ ಇದೆ.

ಅದೇ ಗೋಡೆಯ ಇನ್ನೊಂದು ಹೆಸರು ರೇಫರ್ ಜಾನ್ಸನ್, ಹತ್ತು ಸ್ಪರ್ಧೆಗಳ ಅಂಕ ಕೂಡಿಸಿ ಗೆಲುವು ನಿರ್ಧರಿಸುವ ಡೆಕಾಥ್ಲಾನ್‌ನ ಪಟು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಾನ್ಸನ್‌ಗೆ ಎದುರಾಳಿಯಾಗಿದ್ದವರು ತೈವಾನ್‌ನ ಸಿ. ಕೆ. ಯಾಂಗ್. ಇಬ್ಬರೂ ಯುಸಿಎಲ್‌ಎ ವಿದ್ಯಾರ್ಥಿಗಳು, ಗೆಳೆಯರು, ಇಬ್ಬರಿಗೂ ಒಬ್ಬರೇ ತರಬೇತುದಾರರು: ‘ಡಕಿ’ ಎಂದೇ ಹೆಸರಾದ ಎಲ್ವಿನ್ ಡ್ರೇಕ್. ಒಂಬತ್ತು ಸ್ಪರ್ಧೆ ಮುಗಿದು 1,500 ಮೀಟರ್ ಓಟ ಮಾತ್ರ ಉಳಿದಿತ್ತು. ಯಾಂಗ್ ಹತ್ತು ಸೆಕೆಂಡುಗಳಷ್ಟು ಮುಂದೆ ಓಡಿದರೆ ಚಿನ್ನ ಅವರದು. ಜಾನ್ಸನ್ ಬಂದು ಏನು ಮಾಡಲಿ ಎಂದು ಕೇಳಿದಾಗ ಡ್ರೇಕ್, ಯಾಂಗ್‌ನ ಬೆನ್ನು ಬಿಡಬೇಡ ಎಂದರು. ಯಾಂಗ್ ಬಂದು ಕೇಳಿದಾಗ, ಎಷ್ಟು ಸಾಧ್ಯವೋ ಅಷ್ಟು ದೂರ ಓಡಿ ತಪ್ಪಿಸಿಕೋ ಎಂದರು. ಇಬ್ಬರಿಗೂ ಪ್ರಾಮಾಣಿಕವಾದ ಸಲಹೆ. ಜಾನ್ಸನ್ ಸುಮಾರು 1.2 ಸೆಕೆಂಡು ಹಿಂದೆ ಗುರಿ ಮುಟ್ಟಿ, 58 ಅಂಕಗಳ ಅಂತರದಲ್ಲಿ ಚಿನ್ನ ಗೆದ್ದರು. ಡ್ರೇಕ್ ತರಬೇತುದಾರರಷ್ಟೇ ಅಲ್ಲ, ಆಟಗಾರರ ಗಾಯಗಳನ್ನು ನೋಡಿಕೊಳ್ಳುವ ಕೆಲಸವನ್ನೂ ದಶಕಗಳ ಕಾಲ ಮಾಡಿದವರು. ಅಲ್ಲಿನ ಅಥ್ಲೆಟಿಕ್ಸ್ ಕ್ರೀಡಾಂಗಣ ಇಂದು ಡ್ರೇಕ್ ಸ್ಟೇಡಿಯಂ.

ತರಬೇತುದಾರರನ್ನು ಅಳೆಯುವ ಕೋಲು

ಆಟಗಾರ ನಾಲ್ಕು ವರ್ಷ ಇದ್ದು ಹೋಗುತ್ತಾನೆ. ತರಬೇತುದಾರರು ಉಳಿಯುತ್ತಾರೆ. ಹಾಗಾಗಿ ವಿಶ್ವವಿದ್ಯಾಲಯದ ನೆನಪಿನಲ್ಲಿ ಅವರ ಜಾಗ ಬೇರೆ ತರಹದ್ದು.

ಯುಸಿಎಲ್‌ಎಯ ಬ್ಯಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದರು, ಅದರಲ್ಲಿ ಏಳು ಸತತವಾಗಿ. ಅವರ ತಂಡ ಒಮ್ಮೆ 88 ಪಂದ್ಯಗಳನ್ನು ಸೋಲಿಲ್ಲದೆ ಆಡಿತು. ಆದರೆ ಅವರ ಶಿಷ್ಯರು ಮತ್ತೆ ಮತ್ತೆ ಹೇಳುವುದು ಮೊದಲ ದಿನದ ಅಭ್ಯಾಸದ ಬಗ್ಗೆ. ದೇಶದ ಅತ್ಯುತ್ತಮ ಹುಡುಗರು, ಚೆಂಡು ಮುಟ್ಟಲು ಕಾತರದಿಂದ ಬಂದಿದ್ದವರು; ವುಡನ್ ಅವರನ್ನು ಕೂರಿಸಿ ಕಾಲುಚೀಲ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದರು. ಬೆರಳುಗಳ ಬಳಿ, ಹಿಮ್ಮಡಿಯ ಬಳಿ ಒಂದು ಸುಕ್ಕೂ ಉಳಿಯಬಾರದು, ಆಮೇಲೆ ಶೂ ದಾರವನ್ನು ಕೆಳಗಿನಿಂದ ಒಂದೊಂದೇ ಕಣ್ಣಿಯಲ್ಲಿ ಬಿಗಿಯುತ್ತ ಬರಬೇಕು. ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಅಭ್ಯಾಸ ತಪ್ಪುತ್ತದೆ. ಅಷ್ಟೇ ತರ್ಕ. ಅವರ ಮನೆಯ ಪುಟ್ಟ ಓದುವ ಕೋಣೆಯನ್ನು ಇದ್ದ ಹಾಗೆಯೇ ಹಾಲ್ ಆಫ್ ಫೇಮ್‌ನೊಳಗೆ ಮರುಸೃಷ್ಟಿಸಿಟ್ಟಿದ್ದಾರೆ.

ಟೆನೆಸಿ ವಿಶ್ವವಿದ್ಯಾಲಯದ ಪ್ಯಾಟ್ ಸಮಿಟ್ 1974ರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ವಹಿಸಿಕೊಂಡಾಗ ಅವರಿಗೆ 22 ವರ್ಷ, ಸಂಬಳ ತಿಂಗಳಿಗೆ 250 ಡಾಲರ್. ತಂಡದ ವ್ಯಾನ್ ಓಡಿಸುತ್ತಿದ್ದವರೂ ಅವರೇ, ಸಮವಸ್ತ್ರ ಒಗೆಯುತ್ತಿದ್ದವರೂ ಅವರೇ. 2012ರಲ್ಲಿ ನಿವೃತ್ತರಾಗುವಾಗ ಅವರ ಖಾತೆಯಲ್ಲಿ 1,098 ಗೆಲುವುಗಳು, 8 ರಾಷ್ಟ್ರೀಯ ಪ್ರಶಸ್ತಿಗಳಿದ್ದವು. ಅವರಲ್ಲಿ ಆಡಿ ಮುಗಿಸಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದಳು ಎಂಬ ಮಾತನ್ನು ಟೆನೆಸಿಯವರು ಈ ಅಂಕಿಗಳ ಪಕ್ಕದಲ್ಲೇ ಇಟ್ಟು ಹೇಳುತ್ತಾರೆ.

ಗೆಲುವೇ ಅಳತೆಯಲ್ಲ ಎನ್ನುವುದಕ್ಕೆ ಸ್ವತಃ ಜೇಮ್ಸ್ ನೈಸ್ಮಿತ್ ಸಾಕ್ಷಿ. 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನೇ ಹುಟ್ಟುಹಾಕಿದ ಅವರು ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊದಲ ತರಬೇತುದಾರರಾದರು. 55 ಗೆದ್ದು 60 ಸೋತರು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಿರುವ ಕ್ಯಾನ್ಸಸ್ ತರಬೇತುದಾರರು ಅವರೊಬ್ಬರೇ. ಸ್ಪ್ರಿಂಗ್‌ಫೀಲ್ಡ್‌ನ ಇಡೀ ಹಾಲ್ ಆಫ್ ಫೇಮ್‌ಗೆ ಅವರ ಹೆಸರಿದೆ.

ಯಾರ ಹೆಸರು ಇರಲಿಲ್ಲ?

ಹಳೆಯ ಫಲಕಗಳನ್ನು ನೋಡುತ್ತ ಹೋದರೆ ಒಂದು ಸಂಗತಿ ತಾನಾಗಿ ಕಾಣುತ್ತದೆ: ಎಲ್ಲರೂ ಗಂಡಸರು. ಹೆಣ್ಣುಮಕ್ಕಳಿಗೆ ತಂಡಗಳೇ ವಿರಳವಾಗಿದ್ದಾಗ ಫಲಕ ಎಲ್ಲಿಂದ ಬರಬೇಕು? 1972ರ ಜೂನ್‌ನಲ್ಲಿ ಜಾರಿಯಾದ ಶಿಕ್ಷಣ ಕಾಯ್ದೆಯ ಒಂಬತ್ತನೆಯ ಭಾಗ, ಅಂದರೆ ‘ಟೈಟಲ್ ನೈನ್’, ಇದನ್ನು ಬದಲಿಸಿತು. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಆಧಾರದ ಮೇಲೆ ಯಾರನ್ನೂ ಹೊರಗಿಡುವಂತಿಲ್ಲ ಎಂಬುದು ಅದರ ಸಾರ. ಅದರಲ್ಲಿ ಕ್ರೀಡೆ ಎಂಬ ಪದವೇ ಇಲ್ಲ, ಆದರೆ ಪರಿಣಾಮ ಅತಿ ಹೆಚ್ಚು ಕಂಡದ್ದು ಅಲ್ಲೇ. ಆಗ ಪ್ರೌಢಶಾಲೆಗಳಲ್ಲಿ ಆಡುತ್ತಿದ್ದ ಹುಡುಗಿಯರು ದೇಶಾದ್ಯಂತ ಸುಮಾರು 3 ಲಕ್ಷ. ಇಂದು 30 ಲಕ್ಷ ದಾಟಿದ್ದಾರೆ. ಎರಡೇ ವರ್ಷದಲ್ಲಿ, 1974ರಲ್ಲಿ, ಆ್ಯನ್ ಮೇಯರ್ಸ್ ಯುಸಿಎಲ್‌ಎಯಲ್ಲಿ ಪೂರ್ಣ ಕ್ರೀಡಾ ಸ್ಕಾಲರ್‌ಶಿಪ್ ಪಡೆದ ಮೊದಲ ಮಹಿಳೆಯಾದರು. ಈಗ ಅವರ ಹೆಸರೂ ಆ ಗೋಡೆಯಲ್ಲಿದೆ. ಟೈಟಲ್ ನೈನ್‌ಗೆ ಮೊದಲು ಆಡಿದ ಮಹಿಳೆಯರದ್ದು ಮಾತ್ರ ಕಷ್ಟದ ಪ್ರಶ್ನೆ. ಅವರ ಪಂದ್ಯಗಳ ಅಂಕಪಟ್ಟಿಯನ್ನೂ ಸರಿಯಾಗಿ ಇಟ್ಟಿರಲಿಲ್ಲ. ದಾಖಲೆಯಿಲ್ಲದ ಸಾಧನೆಗೆ ಸಮಿತಿ ಮತ ಹಾಕುವುದು ಹೇಗೆ?

ಕಪ್ಪು ವರ್ಣೀಯರ ಕತೆಯೂ ಹೀಗೆಯೇ ತೊಡಕಿನದು. ಓಹಾಯೊ ಸ್ಟೇಟ್‌ನ ಅಥ್ಲೀಟ್ ಜೆಸ್ಸಿ ಓವೆನ್ಸ್ 1935ರ ಮೇ 25ರಂದು ಮಿಷಿಗನ್ ವಿಶ್ವವಿದ್ಯಾಲಯದ ಊರಾದ ಆ್ಯನ್ ಆರ್ಬರ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ಮೂರು ವಿಶ್ವದಾಖಲೆ ಮುರಿದು ಒಂದನ್ನು ಸರಿಗಟ್ಟಿದರು. ಅವರಿಗೆ ಸ್ಕಾಲರ್‌ಶಿಪ್ ಇರಲಿಲ್ಲ. ಸಹಪಾಠಿಗಳ ಜೊತೆ ಆವರಣದ ವಸತಿಯಲ್ಲಿ ಇರಲು ಬಿಡದ ಕಾರಣ ಹೊರಗೆ ಇರುತ್ತಿದ್ದರು. ಲಿಫ್ಟ್ ನಡೆಸುವ ಕೆಲಸ ಮಾಡಿ ಓದಿದರು. ಅದೇ ವಿಶ್ವವಿದ್ಯಾಲಯ 1977ರಲ್ಲಿ ತನ್ನ ಹಾಲ್ ಆಫ್ ಫೇಮ್ ತೆರೆದಾಗ ಮೊದಲ ಬ್ಯಾಚಿನಲ್ಲೇ ಅವರನ್ನು ಸೇರಿಸಿತು. ಆ ಮುಕ್ಕಾಲು ಗಂಟೆಯ ನೆನಪಿನ ಫಲಕ ಇರುವುದು ಮಾತ್ರ ಓಹಾಯೊದ ಬದ್ಧ ಎದುರಾಳಿ ಮಿಷಿಗನ್‌ನ ಮೈದಾನದಲ್ಲಿ.

ಹೆಸರಿಗೆ ಕಳಂಕ ಬಂದರೆ?

ಹೆಸರನ್ನು ತೆಗೆದುಹಾಕುವ ಅಧಿಕಾರವನ್ನು ಹಲವು ವಿಶ್ವವಿದ್ಯಾಲಯಗಳು ತಮ್ಮ ನಿಯಮದಲ್ಲೇ ಇಟ್ಟುಕೊಂಡಿವೆ, ಆದರೆ ಬಳಸುವುದು ಅಪರೂಪ. ಇದಕ್ಕಿಂತ ಹೆಚ್ಚಾಗಿ ನಡೆಯುವುದು ಫಲಿತಾಂಶಗಳನ್ನೇ ರದ್ದುಪಡಿಸುವುದು. ನಿಯಮ ಮೀರಿ ಹಣ ಪಡೆದ ಆಟಗಾರ ತಂಡದಲ್ಲಿದ್ದರೆ ಆ ಪಂದ್ಯಗಳ ಗೆಲುವು ದಾಖಲೆಯಿಂದ ಹೋಗುತ್ತದೆ. 1990ರ ದಶಕದ ಆರಂಭದಲ್ಲಿ ದೇಶದ ಕಣ್ಮಣಿಯಾಗಿದ್ದ ಮಿಷಿಗನ್ ಬ್ಯಾಸ್ಕೆಟ್‌ಬಾಲ್ ತಂಡದ ಬ್ಯಾನರ್‌ಗಳನ್ನು ವಿಶ್ವವಿದ್ಯಾಲಯವೇ 2002ರಲ್ಲಿ ಇಳಿಸಿತು. ಲೂಯಿವಿಲ್ 2013ರಲ್ಲಿ ಗೆದ್ದ ರಾಷ್ಟ್ರೀಯ ಪ್ರಶಸ್ತಿಯನ್ನು 2018ರಲ್ಲಿ ಬಿಟ್ಟುಕೊಡಬೇಕಾಯಿತು. ಪಂದ್ಯ ನಡೆದದ್ದು, ಜನ ನೋಡಿದ್ದು, ಕುಣಿದದ್ದು ನಿಜ. ದಾಖಲೆಯಲ್ಲಿ ಮಾತ್ರ ಇಲ್ಲ.

ಪೆನ್ ಸ್ಟೇಟ್‌ನ ಫುಟ್‌ಬಾಲ್ ತರಬೇತುದಾರ ಜೋ ಪಟರ್ನೊ ಅವರ ಪ್ರಕರಣ ಇನ್ನೂ ಗಂಭೀರ. ಅವರ ಹಿಂದಿನ ಸಹಾಯಕನೊಬ್ಬ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು ಬಯಲಾದ ಮೇಲೆ 2012ರ ಜುಲೈನಲ್ಲಿ ಕ್ರೀಡಾಂಗಣದ ಹೊರಗಿದ್ದ ಪಟರ್ನೊ ಪ್ರತಿಮೆಯನ್ನು ತೆಗೆಯಲಾಯಿತು. ಅವರ 111 ಗೆಲುವುಗಳನ್ನು ಎನ್‌ಸಿಎಎ ರದ್ದುಮಾಡಿ, 2015ರಲ್ಲಿ ಮರಳಿಸಿತು. ಪ್ರತಿಮೆ ಮರಳಲಿಲ್ಲ.

ಕನ್ನಡದ ನಂಟು

ಈ ಕಾಲೇಜು ವ್ಯವಸ್ಥೆಯೊಳಗೆ ಬೆಳೆದವರಲ್ಲಿ ನಮಗೆ ಹತ್ತಿರದ ಹೆಸರು ವಿಕಾಸ್ ಗೌಡ. ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆದದ್ದು ಮೇರಿಲ್ಯಾಂಡ್‌ನಲ್ಲಿ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಪರವಾಗಿ 2006ರಲ್ಲಿ ಡಿಸ್ಕಸ್ ಎಸೆತದ ಎನ್‌ಸಿಎಎ ಚಾಂಪಿಯನ್ ಆದರು. ಮುಂದೆ ಭಾರತದ ಪರ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದರು; 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಬೆಂಗಳೂರು ಮೂಲದ ದಂಪತಿಯ ಮಗ ರಾಜೀವ್ ರಾಮ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಡಿದ್ದು ಒಂದೇ ಋತು. ಆ 2003ರಲ್ಲಿ ಎನ್‌ಸಿಎಎ ಡಬಲ್ಸ್ ಪ್ರಶಸ್ತಿಯನ್ನೂ ತಂಡ ಪ್ರಶಸ್ತಿಯನ್ನೂ ಗೆದ್ದು ವೃತ್ತಿಪರ ಟೆನಿಸ್‌ಗೆ ಹೊರಟರು. ಬೆಂಗಳೂರಿನಲ್ಲಿ ಟೆನಿಸ್ ಅಕಾಡೆಮಿ ಕಟ್ಟಿದ ಮಹೇಶ್ ಭೂಪತಿ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ಆಟಗಾರನಾಗಿ ಎನ್‌ಸಿಎಎ ಡಬಲ್ಸ್ ಗೆದ್ದಿದ್ದರು.

ಈ ಮೂವರ ಹಾದಿ ನೋಡಿದರೆ ಸಮಿತಿಗಳ ಮುಂದಿರುವ ಪ್ರಶ್ನೆ ಸ್ಪಷ್ಟವಾಗುತ್ತದೆ. ನಾಲ್ಕು ವರ್ಷ ಇದ್ದು ಒಮ್ಮೆ ಗೆದ್ದವರು ಮೇಲೋ, ಒಂದೇ ವರ್ಷ ಇದ್ದು ಎಲ್ಲ ಗೆದ್ದವರು ಮೇಲೋ? ನಂತರದ ವೃತ್ತಿಪರ ಗೆಲುವುಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ? ಇಷ್ಟು ವರ್ಷ ಆಡಿರಲೇಬೇಕು ಎನ್ನುವ ಸಂಸ್ಥೆಗಳೂ ಇವೆ, ಸಾಧನೆಯೊಂದೇ ಸಾಕು ಎನ್ನುವವೂ ಇವೆ.

ಹಣ ಬಂದ ಮೇಲೆ

ಈ ಪ್ರಶ್ನೆ ಮುಂದೆ ಇನ್ನೂ ಜಟಿಲವಾಗಲಿದೆ. ಹಾಲ್ ಆಫ್ ಫೇಮ್ ಎಂಬ ಏರ್ಪಾಟು ನಿಂತದ್ದೇ ಎರಡು ನಂಬಿಕೆಗಳ ಮೇಲೆ: ವಿದ್ಯಾರ್ಥಿ ಹಣಕ್ಕಾಗಿ ಆಡುವುದಿಲ್ಲ, ಮತ್ತು ಆತ ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದವನು. ಎರಡೂ ಈಗ ಅಲುಗಾಡಿವೆ. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತುಗಳಿಂದ ಹಣ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು; ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. 2018ರಲ್ಲಿ ಬಂದ ‘ಟ್ರಾನ್ಸ್‌ಫರ್ ಪೋರ್ಟಲ್’ ಎಂಬ ಆನ್‌ಲೈನ್ ಪಟ್ಟಿಯಲ್ಲಿ ಹೆಸರು ಹಾಕಿದರೆ ಬೇರೆ ವಿಶ್ವವಿದ್ಯಾಲಯಗಳು ಆಟಗಾರನನ್ನು ಸಂಪರ್ಕಿಸಬಹುದು. ನಾಲ್ಕು ವರ್ಷದಲ್ಲಿ ಮೂರು ಜರ್ಸಿ ತೊಡುವವರು ಈಗ ಸಾಮಾನ್ಯ. ಅಂಥವರ ಫಲಕ ಯಾವ ಗೋಡೆಗೆ? ಕಾಯಿಸುವ ನಿಯಮದ ಕಾರಣ ಈ ತಲೆಮಾರಿನ ಹೆಸರುಗಳು ಹಲವು ಸಮಿತಿಗಳ ಮುಂದೆ ಬರುವುದು 2030ರ ಆಸುಪಾಸಿಗೆ. ಅಷ್ಟರೊಳಗೆ ನಿಯಮಾವಳಿ ತಿದ್ದಿಕೊಳ್ಳಲು ಅವರಿಗೆ ಸಮಯವಿದೆ.

ಇಂಥ ಸುದ್ದಿ ಮುಂದಿನ ಸಲ ಕಣ್ಣಿಗೆ ಬಿದ್ದಾಗ ಅದರ ತೂಕ ತಿಳಿಯಬೇಕೆಂದಿದ್ದರೆ ಆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಜಾಲತಾಣಕ್ಕೆ ಹೋದರೆ ಸಾಕು. ಅರ್ಹತೆಯ ನಿಯಮ, ವರ್ಷವಾರು ಬ್ಯಾಚುಗಳು, ಪ್ರತಿಯೊಬ್ಬರ ಸಾಧನೆಯ ಟಿಪ್ಪಣಿ ಬಹುಪಾಲು ಅಲ್ಲೇ ಸಿಗುತ್ತವೆ. ವರ್ಷಕ್ಕೆ ಎಷ್ಟು ಮಂದಿಯನ್ನು ಸೇರಿಸುತ್ತಾರೆ, ಎಷ್ಟು ವರ್ಷ ಕಾಯಿಸುತ್ತಾರೆ ಎಂಬ ಎರಡನ್ನು ಮೊದಲು ನೋಡಿ. ನಾಮನಿರ್ದೇಶನದ ಅರ್ಜಿಯೂ ಸಾಮಾನ್ಯವಾಗಿ ಅದೇ ಪುಟದ ಕೆಳಗಿರುತ್ತದೆ. ಅರ್ಹರೊಬ್ಬರು ನಿಮಗೆ ಗೊತ್ತಿದ್ದು, ಅವರ ವಿಶ್ವವಿದ್ಯಾಲಯ ಹೊರಗಿನವರ ಸೂಚನೆಯನ್ನು ಸ್ವೀಕರಿಸುವಂಥದ್ದಾದರೆ, ಮೈಸೂರಿನಲ್ಲಿ ಕುಳಿತೇ ಅದನ್ನು ತುಂಬಿ ಕಳಿಸಬಹುದು. ಆಡಿದ ವರ್ಷಗಳು, ಆಟ, ಮುಖ್ಯ ಫಲಿತಾಂಶಗಳು ಕೈಯಲ್ಲಿರಲಿ, ಕೊನೆಯ ದಿನಾಂಕವನ್ನು ನೋಡಿಕೊಳ್ಳಿ.